ಫ್ಲೈಓವರ್ ಮೇಲೋ, ಮಾರ್ಕೆಟ್ ಒಳಗೋ: ಒಂದು ಬಸ್ ಮಾರ್ಗದ ಪ್ರಕರಣ

ಮೈಸೂರು ರಸ್ತೆಯಿಂದ ಬೆಂಗಳೂರಿನೊಳಗೆ ಬರುವ ಬಸ್ಸು ಸಿರ್ಸಿ ಸರ್ಕಲ್ ಮುಟ್ಟಿದ ಕೂಡಲೇ ಎರಡು ದಾರಿ ಕಾಣುತ್ತವೆ. ಮೇಲೆ ಹತ್ತಿದರೆ ಫ್ಲೈಓವರ್, ನೇರ ಟೌನ್‌ಹಾಲ್ ಕಡೆಗೆ ತಂದು ಇಳಿಸುತ್ತದೆ. ಕೆಳಗೇ ಉಳಿದರೆ ಕೆ.ಆರ್. ಮಾರ್ಕೆಟ್ಟು. ಕೈಗಾಡಿ, ಲಗೇಜ್ ಆಟೊ, ರಸ್ತೆಗೇ ಹಾಸಿದ ಕೊತ್ತಂಬರಿ ಕಟ್ಟು, ಅಡ್ಡ ನಿಂತ ಇನ್ನೊಂದು ಬಸ್ಸು. 1999ರಲ್ಲಿ ಆ ಫ್ಲೈಓವರ್ ತೆರೆದ ಮೇಲೆ ಕೆಳಗೆ ಸಿಕ್ಕಿಕೊಂಡ ಬಸ್ಸಿನಲ್ಲಿ ಕೂತವರೆಲ್ಲ ಒಮ್ಮೆಯಾದರೂ ಕಿಟಕಿಯಿಂದ ತಲೆ ಎತ್ತಿ ನೋಡಿ, ‘ಇವನು ಮೇಲೆ ಹತ್ತಿಸಬಾರದಿತ್ತಾ’ ಅಂತ ಗೊಣಗಿರುತ್ತಾರೆ. ನಾನೂ ಗೊಣಗಿದವನೇ. ಆ ಗೊಣಗಾಟ ಅರ್ಜಿಯಾಗಿ, ಸಭೆಯಾಗಿ, ಕೊನೆಗೆ ನಾವು ಅಂದುಕೊಂಡಿರದ ಕಡೆ ಹೋಗಿ ನಿಂತ ಕಥೆ ಇದು.

ಬಸ್ಸಿನ ನಂಬರ್ ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಒಂದು ಬಸ್ಸಿನ ಮೇಲೇ ತಿರುಗುತ್ತದೆ, ಅದು ಬೇಡ. ಕೆಂಗೇರಿ ಕಡೆಯಿಂದ ಹೊರಟು ನಾಯಂಡಹಳ್ಳಿ, ಗಾಳಿ ಆಂಜನೇಯ, ಸಿರ್ಸಿ ಸರ್ಕಲ್, ಮಾರ್ಕೆಟ್, ಕಾರ್ಪೊರೇಷನ್ ದಾಟಿ, ಕಬ್ಬನ್ ಪಾರ್ಕ್ ಬಳಸಿಕೊಂಡು ಶಿವಾಜಿನಗರಕ್ಕೆ ಹೋಗುವ ಬಸ್ಸು ಅಂದರೆ ಸಾಕು.

ಬೆಂಗಳೂರಿನ ನಡುಭಾಗ ಅಂದರೆ ಒಂದೇ ಜಾಗ ಎಂದುಕೊಳ್ಳುವವರು ಈ ದಾರಿಯಲ್ಲಿ ಒಮ್ಮೆ ಹೋಗಿ ಬರಬೇಕು. ಈ ಊರಿಗೆ ನಡುಗಳು ಎರಡು. ಒಂದು ಪೇಟೆ, ಅಂದರೆ ಹಳೆಯ ಊರು. ಇನ್ನೊಂದು ದಂಡು, ಅಂದರೆ ಬ್ರಿಟಿಷರ ಕಂಟೋನ್ಮೆಂಟ್. 1949ರವರೆಗೆ ಎರಡಕ್ಕೂ ಬೇರೆ ಬೇರೆ ನಗರಸಭೆಗಳಿದ್ದವು. ದಂಡಿಗೊಂದು ಶಿವಾಜಿನಗರದ ರಸೆಲ್ ಮಾರ್ಕೆಟ್, 1927ರದು. ಪೇಟೆಗೊಂದು ಕೆ.ಆರ್. ಮಾರ್ಕೆಟ್, 1928ರದು. ನಗರಸಭೆಗಳು ಒಂದಾದವು, ರಸ್ತೆಗಳು ಮಾತ್ರ ಇವತ್ತಿಗೂ ಅಷ್ಟು ಸಲೀಸಾಗಿ ಒಂದಾಗಿಲ್ಲ. ನಮ್ಮ ಬಸ್ಸು ಈ ಎರಡನ್ನೂ ಹೊಲಿಯುವ ದಾರ. ಸೂಜಿ ಸಿಕ್ಕಿಕೊಳ್ಳುವುದು ಮಾರ್ಕೆಟ್ಟಿನಲ್ಲಿ.

ನಾವು ಕೇಳಿದ ಪ್ರಶ್ನೆ

ನಾನು ಕೆಂಗೇರಿ ಉಪನಗರದವನು. ಮೂವತ್ತು ವರ್ಷ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಬಡಾವಣೆಯ ನಾಲ್ಕೈದು ಜನ ಸೇರಿ ‘ಈ ಬಸ್ಸನ್ನು ಫ್ಲೈಓವರ್ ಮೇಲೆ ಕಳಿಸಿ’ ಎಂದು ಅರ್ಜಿ ಬರೆದೆವು. ನಕ್ಷೆ ನನ್ನದೇ. ಹಳೆಯ ದಾರಿ ಕೆಂಪು, ಹೊಸದು ಹಸಿರು. ಹಸಿರು ಗೆರೆ ಎಷ್ಟು ನೇರವಾಗಿತ್ತೆಂದರೆ ನನಗೇ ಹೆಮ್ಮೆಯಾಗಿತ್ತು.

ಅರ್ಜಿ ತೆಗೆದುಕೊಂಡ ಅಧಿಕಾರಿ ಮೃದು ಮನುಷ್ಯ. ಪೂರ್ತಿ ಓದಿ, ನಕ್ಷೆ ಬಿಡಿಸಿ ನೋಡಿ, “ನಿಮ್ಮ ಐದು ಜನದ ಸಹಿ ಇದೆ, ಸರಿ. ಬಸ್ಸು ಐದು ಜನದ್ದಲ್ಲವಲ್ಲ ಸಾರ್. ಜನ ಏನಂತಾರೆ ಕೇಳ್ಕೊಂಡು ಬನ್ನಿ” ಎಂದರು.

ಕೇಳಿದೆವು. ಹೇಗೆ ಕೇಳಿದೆವು ಎಂಬುದರಲ್ಲೇ ನಮ್ಮ ತಪ್ಪು ಇತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ವಾಟ್ಸಾಪ್‌ನಲ್ಲಿ ಒಂದು ಫಾರಂ ಹರಿಬಿಟ್ಟೆವು. ಮೊದಲ ಪ್ರಶ್ನೆ: ‘ಬಸ್ಸು ಫ್ಲೈಓವರ್ ಮೇಲೆ ಹೋಗಿ ನಿಮ್ಮ ಪ್ರಯಾಣದ ಸಮಯ ಕಡಿಮೆಯಾಗುವುದಾದರೆ ಒಪ್ಪಿಗೆಯೇ?’ ಸಮಯ ಉಳಿಸಿಕೊಡುತ್ತೇನೆ ಅಂದರೆ ಬೇಡ ಅನ್ನುವವರು ಯಾರು? ‘ಮಾರ್ಕೆಟ್ಟಿನಲ್ಲಿ ಇಳಿಯುವವರು ಏನು ಮಾಡಬೇಕು?’ ಎಂಬ ಪ್ರಶ್ನೆ ಫಾರಂನಲ್ಲಿ ಇರಲೇ ಇಲ್ಲ. ಮರೆತದ್ದಲ್ಲ, ಹೊಳೆಯಲೇ ಇಲ್ಲ.

ಆಮೇಲೆ ಒಂದು ಭಾನುವಾರ ಬೆಳಗ್ಗೆ ಹತ್ತಕ್ಕೆ ಸಮುದಾಯ ಭವನದಲ್ಲಿ ಸಭೆ ಕರೆದೆವು. ಉಪ್ಪಿಟ್ಟು, ಕಾಫಿ, ಗೋಡೆಗೆ ನನ್ನ ನಕ್ಷೆ. ಬಂದವರೆಲ್ಲ ಹಸಿರು ಗೆರೆಗೆ ಕೈ ಎತ್ತಿದರು. ಒಬ್ಬರು ಮಾತ್ರ ‘ಮೊದಲು ಫುಟ್‌ಪಾತ್ ಸರಿ ಮಾಡಿಸಿ’ ಎಂದರು. ಅವರು ಯಾವ ಸಭೆಯಲ್ಲೂ ಅದನ್ನೇ ಹೇಳುವವರು, ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ದಿನ ಬಿಟ್ಟು ವರದಿಗೆ ಹಾಕಲೆಂದು ಸಭೆಯ ಫೋಟೊ ತೆರೆದು ನೋಡುತ್ತೇನೆ, ಹೆಚ್ಚುಕಡಿಮೆ ಪ್ರತಿ ಕುರ್ಚಿಯ ಕೆಳಗೂ ಒಂದು ಹೆಲ್ಮೆಟ್.

ಆ ಫೋಟೊ ವರದಿಗೆ ಹೋಗಲಿಲ್ಲ. ಅದನ್ನು ನೋಡಿದ ಮೇಲೆ ವರದಿಯನ್ನೂ ಕೊಡುವ ಮನಸ್ಸಾಗಲಿಲ್ಲ.

ಮೊದಲ ಟ್ರಿಪ್

ಆ ಮಾರ್ಗದ ಕಂಡಕ್ಟರ್ ಒಬ್ಬರ ಮುಖಪರಿಚಯವಿತ್ತು. ಅವರ ಹತ್ತಿರ ನಮ್ಮ ಹಸಿರು ಗೆರೆಯ ವಿಷಯ ತೆಗೆದೆ. ಟಿಕೆಟ್ ಕೊಡುವ ಇಟಿಎಂ ಯಂತ್ರವನ್ನು ಚೀಲಕ್ಕೆ ಹಾಕುತ್ತಾ, “ಚೆನ್ನಾಗೈತೆ ಸಾರ್. ಒಂದಿನ ಫಸ್ಟ್ ಟ್ರಿಪ್‌ಗೆ ಬನ್ನಿ, ಆಮೇಲೆ ಮಾತಾಡಣ” ಎಂದರು.

ಹೋದೆ. ಇನ್ನೂ ಕತ್ತಲು. ಬಸ್ಸು ಹೊರಡುವ ಹೊತ್ತಿಗೆ ಸೀಟೆಲ್ಲ ತುಂಬಿತ್ತು, ಬಾಗಿಲ ಹತ್ತಿರ ಸೊಪ್ಪಿನ ಮೂಟೆಗಳು. ಕೆಂಗೇರಿ ಆಚೆಯ ಹಳ್ಳಿಗಳಿಂದ ದಂಟು, ಪಾಲಕ್, ಸಬ್ಬಸಿಗೆ ಕಿತ್ತು ತರುವವರು. ಮೂಟೆಗೆ ಒದ್ದೆ ಗೋಣಿ ಹೊದಿಸಿರುತ್ತಾರೆ, ಅದರ ನೀರು ಬಸ್ಸಿನ ನೆಲದ ಮೇಲೆ ಗೆರೆಯಾಗಿ ಹರಿಯುತ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ, ಬಿಟ್ಟಾಗ ಹಿಂದಕ್ಕೆ. ಕಾಲು ಎತ್ತಿಕೊಂಡು ಕೂತ ನನ್ನನ್ನು ನೋಡಿ ಪಕ್ಕದ ಹೆಂಗಸು ನಕ್ಕರು. ಕೈಯಲ್ಲಿ ಮಡಿಸಿದ ಪ್ಲಾಸ್ಟಿಕ್ ಚೀಲಗಳು, ಖಾಲಿ ಬುಟ್ಟಿ. ಹೂವಿನವರು.

“ಮಾರ್ಕೆಟ್‌ಗಾ ಅಮ್ಮ?”

“ಇನ್ನೆಲ್ಲಿಗೆ ಹೋಗ್ಲಿ ಅಣ್ಣ ಈ ಹೊತ್ನಾಗೆ?”

ಅವರು ಮಾರ್ಕೆಟ್ಟಿನಲ್ಲಿ ಬಿಡಿ ಹೂವು ಕೆಜಿ ಲೆಕ್ಕದಲ್ಲಿ ಕೊಂಡು, ತಿರುಗಿ ಬಂದು, ಕಟ್ಟಿ, ನಾಯಂಡಹಳ್ಳಿಯಲ್ಲಿ ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಸೂರ್ಯ ಏರುವ ಮೊದಲೇ ವಾಪಸ್ ಬರಬೇಕು, ಇಲ್ಲದಿದ್ದರೆ ಮಲ್ಲಿಗೆ ಬಾಡುತ್ತದೆ, ಬೆಳಗಿನ ಪೂಜೆಯ ಗಿರಾಕಿಯೂ ತಪ್ಪುತ್ತಾರೆ. ಬಸ್ಸು ಮೇಲಿನಿಂದ ಹೋದರೆ ಸಿರ್ಸಿ ಸರ್ಕಲ್‌ನಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯಬಹುದಲ್ಲ, ಹೇಗೂ ಹೆಂಗಸರಿಗೆ ಟಿಕೆಟ್ ಇಲ್ಲ ಎಂದೆ.

“ನಂಗೆ ಟಿಕೆಟ್ ಇಲ್ಲ ಕಣಣ್ಣ. ಮೂಟೆಗೆ ಐತೆ.”

ನಕ್ಷೆ ಬರೆಯುವವನ ತಲೆಗೆ ಹೊಳೆಯದೆ ಇದ್ದ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ ಬದಲಾಯಿಸುವುದಕ್ಕೆ ಹೆಂಗಸರು ದುಡ್ಡು ಕೊಡಬೇಕಿಲ್ಲ, ಗಂಡಸರು ಕೊಡಬೇಕು, ಇಷ್ಟು ನಮಗೆ ಗೊತ್ತಿತ್ತು. ಲಗೇಜಿಗೆ ಪ್ರತಿ ಬಸ್ಸಿನಲ್ಲೂ ಬೇರೆ ಟಿಕೆಟ್ ಎಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ಒಂದು ಬಸ್ಸನ್ನು ಎರಡು ಮಾಡಿದರೆ ಹೂವಿನವಳ ಟಿಕೆಟ್ ಸೊನ್ನೆಯೇ, ಹೂವಿನ ಟಿಕೆಟ್ ಎರಡಾಗುತ್ತದೆ. ಜೊತೆಗೆ ಮೂಟೆ ಇಳಿಸಿ ಹತ್ತಿಸುವ ಕೆಲಸವೂ ಎರಡು ಪಾಲು.

ಇನ್ನೂ ಒಂದು ವಿಷಯ ಅಲ್ಲೇ ಕಣ್ಣಿಗೆ ಬಿತ್ತು. ಆ ಹೊತ್ತಿನಲ್ಲಿ ಫ್ಲೈಓವರ್ ಕೆಳಗಿನ ರಸ್ತೆಯೂ ಖಾಲಿ. ಮಾರ್ಕೆಟ್ಟಿನ ಬಾಯಿಗೆ ಬರುವವರೆಗೆ ಬಸ್ಸು ಎಲ್ಲೂ ತಡೆಯಲಿಲ್ಲ. ಅಂದರೆ ಮಾರ್ಕೆಟ್ಟು ಯಾರಿಗೆ ತೀರಾ ಬೇಕೋ ಅವರ ಹೊತ್ತಿನಲ್ಲಿ ಫ್ಲೈಓವರ್ ಏನನ್ನೂ ಉಳಿಸುವುದಿಲ್ಲ.

ಮಾರ್ಕೆಟ್ಟಿನಲ್ಲಿ ಬಸ್ಸು ಬರಿದಾಯಿತು, ಎರಡು ನಿಮಿಷದಲ್ಲಿ ಮತ್ತೆ ತುಂಬಿತು. ಈಗ ಹತ್ತಿದವರು ಬೇರೆಯೇ ಜನ. ರಸೆಲ್ ಮಾರ್ಕೆಟ್ ಕಡೆಗೆ ಸರಕು ಹೊತ್ತವರು, ಕಬ್ಬನ್ ಪಾರ್ಕ್ ಸುತ್ತಲಿನ ಕಚೇರಿಗಳನ್ನು ಗುಡಿಸಲು ಹೋಗುವವರು, ರಾತ್ರಿ ಪಾಳಿ ಮುಗಿಸಿದ ಒಬ್ಬ ಸೆಕ್ಯುರಿಟಿ. ಕಂಡಕ್ಟರ್ ನನ್ನ ಕಡೆ ತಿರುಗಿದರು.

“ನೋಡಿದ್ರಾ ಸಾರ್? ಒಂದೇ ಸೀಟು ಎರಡು ಸಲ ಮಾರಿದೆ. ಮೇಲೆ ಹೋದ್ರೆ ಒಂದೇ ಸಲ.”

ಇದನ್ನು ಕಚೇರಿಯ ಭಾಷೆಯಲ್ಲಿ ಇಪಿಕೆಎಂ ಅನ್ನುತ್ತಾರೆ, ಕಿಲೋಮೀಟರಿಗೆ ಇಷ್ಟು ಗಳಿಕೆ ಎಂದು. ನಾವು ನಮ್ಮ ಅರ್ಜಿಯಲ್ಲಿ ‘ದಕ್ಷತೆ’ ಎಂಬ ಪದವನ್ನು ಮೂರು ಕಡೆ ಹಾಕಿದ್ದೆವು. ದಕ್ಷತೆಯ ಲೆಕ್ಕ ಸೊಪ್ಪಿನವರ ಪರವಾಗಿದೆ ಎಂದು ಆವತ್ತು ತಿಳಿಯಿತು.

ಅತ್ತಿಗೆಯ ನಡಿಗೆ

ಬೆಳಗಿನ ಜಾವದ್ದು ಸರಿ. ಎಂಟರಿಂದ ಹತ್ತರವರೆಗಿನ ರಶ್‌ನಲ್ಲಾದರೂ ಫ್ಲೈಓವರ್ ಉಪಯೋಗವಲ್ಲವೇ? ಉಪಯೋಗವೇ, ಆ ಹೊತ್ತಿನಲ್ಲಿ ಕೆಳಗಿನ ರಸ್ತೆ ಉಸಿರುಗಟ್ಟಿರುತ್ತದೆ. ಆದರೆ ಆಸ್ಪತ್ರೆಗಳ ಹೊರರೋಗಿ ಸಾಲು ಶುರುವಾಗುವುದೂ ಅದೇ ಹೊತ್ತಿಗೆ. 1900ರಲ್ಲಿ ತೆರೆದ ವಿಕ್ಟೋರಿಯಾ, ತಾಯಿ ಮಕ್ಕಳ ವಾಣಿವಿಲಾಸ, ಕಣ್ಣಿನ ಮಿಂಟೊ, ಮೂರೂ ಮಾರ್ಕೆಟ್ಟಿನ ಮಗ್ಗುಲಲ್ಲೇ. ಬಸ್ಸಿನಲ್ಲಿ ನಿಂತು ಎಣಿಸಬೇಕಿಲ್ಲ, ಕೈಗಳನ್ನು ನೋಡಿದರೆ ಸಾಕು. ಎಕ್ಸ್‌ರೇ ಕವರು, ಬಿಸಿನೀರಿನ ಫ್ಲಾಸ್ಕು, ಬಾಣಂತಿಗೆ ಊಟದ ಕ್ಯಾರಿಯರ್ರು.

‘ಟೌನ್‌ಹಾಲ್‌ನಲ್ಲಿ ಇಳಿದು ನಡೆದರಾಯಿತು’ ಎಂದು ನಕ್ಷೆಯಲ್ಲಿ ಚುಕ್ಕೆ ಗೆರೆ ಎಳೆದಿದ್ದವನು ನಾನೇ. ಹೆಂಡತಿಯ ಅಕ್ಕನಿಗೆ ಮಿಂಟೊದಲ್ಲಿ ಕಣ್ಣಿನ ತಪಾಸಣೆ ಇತ್ತು. ಅವರನ್ನು ಕರೆದುಕೊಂಡು ಆ ಚುಕ್ಕೆ ಗೆರೆಯ ಮೇಲೇ ಹೋದೆ. ಅವರಿಗೆ ಹೇಳಲಿಲ್ಲ, ಹೇಳಿದ್ದರೆ ಆಟೊ ಹಿಡಿಯುತ್ತಿದ್ದರು. ಒಂದು ಮಂಡಿ ಸರಿಯಿಲ್ಲ, ದೃಷ್ಟಿ ಮಬ್ಬು. ಮೊದಲ ರಸ್ತೆ ದಾಟುವುದಕ್ಕೇ ಸಿಗ್ನಲ್ ಮೂರು ಸಲ ಬದಲಾಯಿತು. ಮುಂದೆ ಫುಟ್‌ಪಾತ್ ಮೇಲೆ ಪೈಪು, ಪಂಪ್‌ಸೆಟ್ಟು, ಅದರ ಮೇಲೊಂದು ಮಲಗಿದ ನಾಯಿ. ರಸ್ತೆಗಿಳಿದರೆ ಬೆನ್ನಿಗೇ ಹಾರ್ನು. ಒಂದು ಅಂಗಡಿ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡರು, ಮತ್ತೆ ಎದ್ದರು, ಮತ್ತೆ ಕೂತರು. ಎರಡನೇ ಸಲ ಕೂತಾಗ, “ಮರಿ, ಬಸ್ಸು ಅಲ್ಲಿವರೆಗೂ ಹೋಗ್ತಿರ್ಲಿಲ್ವಾ?” ಎಂದು ಕೇಳಿದರು.

ಸಭೆಯಲ್ಲಿ ಫುಟ್‌ಪಾತ್ ಅಂದವರ ಮುಖ ನೆನಪಾಯಿತು.

ಫಾರಂ-4

ಇಷ್ಟರ ಮೇಲೆ ಮತ್ತೆ ಕಚೇರಿಗೆ ಹೋದೆ. ಈ ಸಲ ಹಸಿರು ಗೆರೆ ಇಲ್ಲದೆ. ಅಧಿಕಾರಿ ಒಂದು ಹಾಳೆ ತೋರಿಸಿದರು. ಫಾರಂ-4 ಎಂದು ಕರೆಯುತ್ತಾರೆ. ಡಿಪೊದಿಂದ ಬಸ್ಸು ಎಷ್ಟಕ್ಕೆ ಹೊರಡಬೇಕು, ಎಲ್ಲಿಂದ ಎಲ್ಲಿಗೆ ಎಷ್ಟು ಟ್ರಿಪ್, ಊಟದ ಬಿಡುವು ಎಷ್ಟು, ಎಷ್ಟಕ್ಕೆ ಡಿಪೊ ಸೇರಬೇಕು, ಎಲ್ಲ ಅದರಲ್ಲಿ. ನಮ್ಮಂಥವರು ಬಸ್ ಮಾರ್ಗ ಎಂದರೆ ನಕ್ಷೆಯ ಮೇಲಿನ ಗೆರೆ ಅಂದುಕೊಳ್ಳುತ್ತೇವೆ. ಡಿಪೊದವರಿಗೆ ಮಾರ್ಗ ಎಂದರೆ ಈ ಹಾಳೆ.

“ಫ್ಲೈಓವರ್ ಮೇಲೆ ಹೋದರೆ ಟೈಮ್ ಉಳಿಯುತ್ತಲ್ಲ, ಅದರಲ್ಲಿ ಇನ್ನೊಂದು ಟ್ರಿಪ್ ಮಾಡಬಹುದಲ್ಲ?” ಎಂದೆ.

“ಇಪ್ಪತ್ತು ನಿಮಿಷ ಉಳಿಸಿದ್ರೆ ಟ್ರಿಪ್ ಹುಟ್ಟಲ್ಲ ಸಾರ್. ಟೀ ಕುಡಿಯೋ ಟೈಮ್ ಹುಟ್ಟುತ್ತೆ.”

ಕೆಂಗೇರಿಯಿಂದ ಶಿವಾಜಿನಗರಕ್ಕೆ ಹೋಗಿ ಬರುವ ಒಂದು ಸುತ್ತಿಗೆ ಬೇಕಾಗುವಷ್ಟು ಸಮಯ ಒಟ್ಟಾಗಿ ಉಳಿದರೆ ಮಾತ್ರ ಹೆಚ್ಚಿನ ಟ್ರಿಪ್. ಅಲ್ಲಿಲ್ಲಿ ಉಳಿದ ಚಿಲ್ಲರೆ ನಿಮಿಷಗಳು ಚಿಲ್ಲರೆಯಾಗಿಯೇ ಕರಗುತ್ತವೆ. ಅದೂ ಬೆಳಗಿನ ರಶ್‌ನಲ್ಲಿ ಮಾತ್ರ, ಸಂಜೆ ಟೌನ್‌ಹಾಲ್ ಸುತ್ತಲಿನ ಸಿಗ್ನಲ್‌ಗಳ ಸಾಲು ಫ್ಲೈಓವರ್ ಮೇಲಕ್ಕೇ ಹತ್ತಿ ನಿಂತಿರುತ್ತದೆ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. “ಕಚೇರಿಗೆ ಹೋಗೋರಿಗೆ ತಾನೇ ಸಾರ್ ಅರ್ಜೆಂಟು? ಅವರಿಗೆ ಮೆಟ್ರೊ ಇದೆಯಲ್ಲ?” ನೇರಳೆ ಮಾರ್ಗ 2015ರಲ್ಲಿ ಮೈಸೂರು ರಸ್ತೆಗೆ, 2021ರಲ್ಲಿ ಕೆಂಗೇರಿಗೆ ಬಂದಿದೆ. ವಿಧಾನಸೌಧ, ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆಗೆ ಸೀದಾ. ಮಾರ್ಕೆಟ್ಟಿಗೆ ಬೇಕೆಂದರೆ ಮೆಜೆಸ್ಟಿಕ್‌ನಲ್ಲಿ ಇಳಿದು, 2017ರಲ್ಲಿ ಮಾರ್ಕೆಟ್ ಕಡೆಗೂ ಬಂದ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಸೊಪ್ಪಿನ ಮೂಟೆ ಹೊತ್ತು ಸ್ಕ್ಯಾನರ್ ದಾಟಿ, ಎಸ್ಕಲೇಟರ್ ಇಳಿದು ಯಾರು ಬದಲಾಯಿಸುತ್ತಾರೆ? ಅಂದರೆ ನಾವು ಮೆಟ್ರೊ ಮಾಡುತ್ತಿರುವ ಕೆಲಸವನ್ನೇ ಬಸ್ಸೂ ಮಾಡಲಿ, ಮೆಟ್ರೊ ಮಾಡಲಾಗದ ಕೆಲಸವನ್ನು ಬಸ್ಸು ಬಿಡಲಿ ಎಂದು ಅರ್ಜಿ ಹಾಕಿದ್ದೆವು.

ಬಸ್ಸನ್ನು ನೇರ ಮಾಡುವುದೇ ತಪ್ಪು ಎಂದು ಇದರ ಅರ್ಥವಲ್ಲ. 2008-09ರ ಹೊತ್ತಿಗೆ ಈ ಊರಿನಲ್ಲಿ ಬಿಗ್-10 ಎಂಬ ಹೆಸರಲ್ಲಿ, ಊರ ನಡುವಿನಿಂದ ಹೊರಕ್ಕೆ ದೊಡ್ಡ ರಸ್ತೆಗಳ ಮೇಲೆ ಸೀದಾ ಓಡುವ ಬಸ್ಸುಗಳನ್ನು ಬಿಟ್ಟರು. ‘ಜಿ’ ಅಕ್ಷರದ ನಂಬರು, ಹಸಿರು ಬಣ್ಣ. ಜೊತೆಗೆ ವರ್ತುಲ ರಸ್ತೆಗೆ ಬಿಗ್ ಸರ್ಕಲ್. ಬೋರ್ಡು ಓದಲು ಬಾರದವರೂ ಬಣ್ಣ ನೋಡಿ ಹತ್ತಬಹುದಿತ್ತು. ನನಗೆ ಆ ಯೋಚನೆ ಇವತ್ತಿಗೂ ಇಷ್ಟ. ಅದು ಹೊಂದುವುದು ಹೊಸೂರು ರಸ್ತೆಯಂಥ ಉದ್ದನೆಯ ರಸ್ತೆಗೆ. ಊರ ನಡುವೆ ಬಂದರೆ ಒನ್‌ವೇಗಳು ಗೆರೆಯನ್ನು ಗಂಟು ಹಾಕಿಬಿಡುತ್ತವೆ. ಮೆಜೆಸ್ಟಿಕ್‌ನಿಂದ ಕಾರ್ಪೊರೇಷನ್ನಿಗೆ ಹೋಗುವ ಬಸ್ಸು ಮಹಾರಾಣಿ ಕಾಲೇಜು ಸುತ್ತಿ ನೃಪತುಂಗ ರಸ್ತೆಯಲ್ಲಿ ಬರುತ್ತದೆ, ವಾಪಸ್ ಹೋಗುವುದು ಕೆಂಪೇಗೌಡ ರಸ್ತೆಯಲ್ಲಿ. ಇಳಿದ ಜಾಗದಲ್ಲಿ ತಿರುಗಿ ಹತ್ತುವ ಹಾಗಿಲ್ಲ. ಹಳಬರು ಊರಿನ ಬಸ್ ಸಂಸ್ಥೆಯ ಹಳೆಯ ಹೆಸರಾದ ಬಿ.ಟಿ.ಎಸ್. ಎಂದರೆ ‘ಬಿಟ್ರೆ ತಿರುಗಿ ಸಿಗಲ್ಲ’ ಎಂದು ನಗುತ್ತಿದ್ದರು. ಬಸ್ ಬದಲಾಯಿಸಿ ಅಂದರೆ ಈ ಊರಿನ ಜನ ಯಾಕೆ ಹಿಂಜರಿಯುತ್ತಾರೆ ಎಂಬುದಕ್ಕೆ ಆ ಮೂರು ಪದ ಸಾಕು. ಕೈಗೆ ಸಿಕ್ಕ ಬಸ್ಸನ್ನು ನಡುದಾರಿಯಲ್ಲಿ ಯಾರು ಬಿಡುತ್ತಾರೆ?

ಆಮೇಲೆ

ಎರಡನೇ ಸಲ ಕೇಳಿದ್ದು ಬಸ್ಸಿನ ಒಳಗೆ ಮತ್ತು ಸ್ಟಾಪಿನಲ್ಲಿ. ಫಾರಂ ಇಲ್ಲ. ಎರಡೇ ಪ್ರಶ್ನೆ: ‘ಎಲ್ಲಿ ಇಳೀತೀರಿ?’ ‘ವಾಪಸ್ ಎಲ್ಲಿ ಹತ್ತುತೀರಿ?’ ಒಪ್ಪಿಗೆಯೋ ಅಲ್ಲವೋ ಎಂದು ಯಾರನ್ನೂ ಕೇಳಲಿಲ್ಲ. ಅಭಿಪ್ರಾಯ ಕೇಳಿದರೆ ಜನ ನಮ್ಮ ಮುಖ ನೋಡಿ ಹೇಳುತ್ತಾರೆ, ದಾರಿ ಕೇಳಿದರೆ ಇದ್ದದ್ದು ಹೇಳುತ್ತಾರೆ. ಹೆಂಗಸರಿಗೆ ಹರಿದುಕೊಡುವ ಸೊನ್ನೆ ಟಿಕೆಟ್ಟಿನ ಲೆಕ್ಕದಲ್ಲೇ ಎಲ್ಲ ಸಿಗುತ್ತದಲ್ಲ ಎಂದು ನಮ್ಮಲ್ಲೊಬ್ಬರು ಹೇಳಿದ್ದರು. ಕಂಡಕ್ಟರನ್ನು ಕೇಳಿದರೆ ಅವರು ನಕ್ಕು, “ರಶ್‌ನಾಗೆ ಬೆರಳು ಯಾವ ಸ್ಟೇಜ್ ಒತ್ತುತ್ತೋ ಅದೇ ಲೆಕ್ಕ ಸಾರ್” ಅಂದರು.

ಎರಡನೇ ಪ್ರಶ್ನೆಗೆ ಬಂದ ಉತ್ತರಗಳೇ ವಿಚಿತ್ರ. ಹೆಚ್ಚಿನವರು ‘ಇಳಿದಲ್ಲೇ’ ಎಂದರು. ಇಳಿದಲ್ಲಿ ಆ ಬಸ್ಸು ವಾಪಸ್ ಬರುವುದೇ ಇಲ್ಲ. ದಿನಾ ಹೋಗುವ ಹೂವಿನವರಿಗೆ ಗೊತ್ತು. ಆಸ್ಪತ್ರೆಗೆ ಮೊದಲ ಸಲ ಬಂದವರು ಮಧ್ಯಾಹ್ನ ಅರ್ಧ ಗಂಟೆ ತಪ್ಪು ಜಾಗದಲ್ಲಿ ನಿಂತು, ಕೊನೆಗೆ ಆಟೊದವನ ಬಾಯಿಗೆ ಬೀಳುತ್ತಾರೆ. ನಮ್ಮ ಅರ್ಜಿಯಲ್ಲಿ ಇದರ ಸುಳಿವೂ ಇರಲಿಲ್ಲ.

ಕೊನೆಗೆ ಆದದ್ದು ಇಷ್ಟು. ಬಸ್ಸು ಮಾರ್ಕೆಟ್ಟಿನ ಒಳಗೇ ಉಳಿಯಿತು. ಮೊದಲ ಟ್ರಿಪ್ಪನ್ನು ಕಾಲು ಗಂಟೆ ಮುಂಚೆ ಬಿಡಲು ಒಪ್ಪಿದರು, ಅದು ಹೂವಿನವರು ಕೇಳಿದ್ದು. ಬೆಳಗಿನ ರಶ್‌ನಲ್ಲಿ ಎರಡು ಟ್ರಿಪ್ ಮಾತ್ರ ಫ್ಲೈಓವರ್ ಮೇಲೆ, ನಂಬರಿನ ಹಿಂದೆ ಒಂದು ಅಕ್ಷರ ಸೇರಿಸಿ. ಅದು ನಾವು ಕೇಳಿದ್ದು. ಆ ಬಾಲದ ಅಕ್ಷರವನ್ನು ಯಾರು ನೋಡುತ್ತಾರೆ? ಮೊದಲ ವಾರವೇ ವಾಣಿವಿಲಾಸಕ್ಕೆ ಹೊರಟಿದ್ದ ಒಬ್ಬ ಅಜ್ಜಿ ಕ್ಯಾರಿಯರ್ ಹಿಡಿದು ಟೌನ್‌ಹಾಲ್ ಮುಂದೆ ಇಳಿದು ಅತ್ತರಂತೆ. ಅಂದಿನಿಂದ ಕಂಡಕ್ಟರ್‌ಗಳು ಸ್ಟಾಪ್ ಸ್ಟಾಪಿನಲ್ಲೂ ಬಾಗಿಲಿಗೆ ಬಂದು “ಮಾರ್ಕೆಟ್ ಹೋಗಲ್ಲ, ಮಾರ್ಕೆಟ್ ಹೋಗಲ್ಲ” ಎಂದು ಕೂಗತೊಡಗಿದರು. ಅದನ್ನು ಕೇಳಿ ಹತ್ತಲು ಬಂದವರಲ್ಲಿ ಅರ್ಧ ಜನ ಹಿಂದೆ ಸರಿದರು. ಕೆಲವು ತಿಂಗಳಲ್ಲಿ ಎರಡು ಟ್ರಿಪ್ ಒಂದಾಯಿತು. ಫಾರಂ ತಯಾರಿಸಿದ ನಮ್ಮ ಗೆಳೆಯರು ಅದರಲ್ಲಿ ಒಂದು ದಿನವೂ ಹತ್ತಲಿಲ್ಲ, ಮೆಟ್ರೊದಲ್ಲಿ ಹೋಗುತ್ತಾರೆ. ನಾನೂ ಅಷ್ಟೇ.

ವಾಪಸ್ ಸ್ಟಾಪಿನ ವಿಷಯಕ್ಕೆ ಬೋರ್ಡು ಬೇಕೆಂದು ಬರೆದುಕೊಟ್ಟೆವು. ಅದು ಒಂದೇ ಕಚೇರಿಯ ಕೆಲಸವಲ್ಲ. ಕಂಬ ಒಬ್ಬರದು, ಫುಟ್‌ಪಾತ್ ಇನ್ನೊಬ್ಬರದು, ಸಂಚಾರ ಮತ್ತೊಬ್ಬರದು. ನಡುವೆ ನನಗೂ ಓಡಾಟ ಸಾಕಾಗಿತ್ತು. ಹೋದ ತಿಂಗಳು ಅತ್ತಿಗೆಯನ್ನು ಮತ್ತೆ ಮಿಂಟೊಗೆ ಕರೆದೊಯ್ದಾಗ, ಇಳಿಯುವ ಸ್ಟಾಪಿನ ಪಕ್ಕದ ಟೀ ಅಂಗಡಿಯ ಮೇಜಿಗೆ ಒಂದು ರಟ್ಟು ಕಟ್ಟಿತ್ತು. ಬಿಸ್ಕತ್ ಡಬ್ಬದ ರಟ್ಟು, ಮಾರ್ಕರ್ ಪೆನ್ನಿನ ಅಕ್ಷರ: ‘ಕೆಂಗೇರಿ ಬಸ್ ಇಲ್ಲಿ ಬರಲ್ಲ. ಆ ಕಡೆ.’ ಕೆಳಗೊಂದು ಬಾಣದ ಗುರುತು. ದಿನಕ್ಕೆ ನೂರು ಸಲ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೆದು ಹಾಕಿದೆ ಅಂದ ಅಂಗಡಿಯವನು. ರಟ್ಟು ಒಂದು ಕಡೆ ಜಾರಿ ಬಾಣ ನೆಲ ತೋರಿಸುತ್ತಿತ್ತು. ಟೀ ಕುಡಿದು, ದಾರ ಬಿಚ್ಚಿ, ನೆಟ್ಟಗೆ ಕಟ್ಟಿ ಬಂದೆ.